ತಿಪ್ಪವ್ವ ಸಾಯದೆ ಉಳಿದದ್ದು

ಪುಣೆಯ ದೊಡ್ಡಾಸ್ಪತ್ರೆಯಲ್ಲಿ ತಿಪ್ಪವ್ವನ ಎಡಮೊಲೆಯನ್ನು ತೆಗೆದದ್ದು ೧೯೮೨ರ ಬೇಸಿಗೆಯಲ್ಲಿ. ಆ ವರ್ಷದ ದೀಪಾವಳಿಗೆ ಮುಂಚೆಯೇ ಅವಳ ಗಂಡ ಜಟ್ಟೆಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ.

ಸುರಪುರದ ಕಡೆಯ ಜನ ಅವರು. ಪುಣೆಯ ಕೋಥರೂಡದಲ್ಲಿ ಮನೆಗಳು ಏಳುತ್ತಿದ್ದ ಕಾಲ. ಜಟ್ಟೆಪ್ಪ ಗೌಂಡಿ, ತಿಪ್ಪವ್ವ ಕಾಂಕ್ರೀಟಿನ ಬುಟ್ಟಿ ಹೊತ್ತು ಮೂರು ಮಹಡಿ ಏರುತ್ತಿದ್ದವಳು. ಆಪರೇಷನ್ ಆಗಿ, ಕರೆಂಟ್ ಎಂದು ಜನ ಕರೆಯುವ ವಿಕಿರಣ ಕೊಟ್ಟು ಎದೆಯ ಚರ್ಮ ಕಪ್ಪಾದ ಮೇಲೆ ಎಡಗೈ ಬಾತು ಮೇಲೇಳದಾಯಿತು. ಬುಟ್ಟಿ ಬಿಟ್ಟು ಉಸುಕು ಸೋಸುತ್ತ ಕೂತಳು. ಡಾಕ್ಟರು ಗಡ್ಡೆ ಪೂರಾ ತೆಗೆದಿದ್ದೇವೆ, ಮೂರು ತಿಂಗಳಿಗೊಮ್ಮೆ ಬಂದು ತೋರಿಸು ಎಂದಿದ್ದರು. ಜಟ್ಟೆಪ್ಪ ಊರಲ್ಲಿ ಬೇರೆಯೇ ಹೇಳಿದ್ದ: "ಆರು ತಿಂಗಳು ಬದುಕಿದ್ರ ಭಾಳ ಆತು ಆಕಿ."

ಆ ಮಾತು ನಂಬಿ ಹೆತ್ತವರು ಕೊಟ್ಟ ಹುಡುಗಿಯೇ ಯಂಕವ್ವ, ಹತ್ತೊಂಬತ್ತರವಳು. ಅವರಿದ್ದ ಪತ್ರಾಸಿನ ಶೆಡ್ಡಿನ ನಡುವೆ ಒಂದು ತಗಡು ನಿಲ್ಲಿಸಿ ಎರಡು ಮಾಡಿದರು. ತಿಪ್ಪವ್ವ ಉಣ್ಣುವ ಗಂಗಾಳ ಬೇರೆಯಾಯಿತು, ನೀರಿನ ಚರಿಗೆ ಬೇರೆಯಾಯಿತು. ಅವಳ ಇಳಕಲ್ ಸೀರೆಯನ್ನು ಯಂಕವ್ವ ಉಟ್ಟಳು. ಕೇಳಿದ್ದಕ್ಕೆ ಜಟ್ಟೆಪ್ಪ, "ನಿನಗ ಇನ್ಯಾಕ ಅದು?" ಎಂದ.

ಆರು ತಿಂಗಳು ಕಳೆಯಿತು, ವರ್ಷ ಕಳೆಯಿತು. ತಿಪ್ಪವ್ವ ಸಾಯಲಿಲ್ಲ.

ಸಾಯಲಿಲ್ಲ ಅಂದರೆ ಬದುಕಿದಳು ಎಂದೂ ಅಲ್ಲ. ಬಲಗೈ ತನ್ನಷ್ಟಕ್ಕೆ ಎದ್ದು ಉಳಿದ ಮೊಲೆಯನ್ನು, ಕಂಕುಳನ್ನು, ಕುತ್ತಿಗೆಯನ್ನು ತಡವುತ್ತಿತ್ತು. ಉಸುಕು ಸೋಸುವಾಗ, ರೊಟ್ಟಿ ಬಡಿಯುವಾಗ. ತಡವಿ ತಡವಿ ಕಂಕುಳು ಹುಣ್ಣಾಯಿತು. ಆ ಹುಣ್ಣು ಕಂಡು ರೋಗ ಮತ್ತೆ ಬಂತೆಂದು ಆಸ್ಪತ್ರೆಗೆ ಓಡಿದಳು. ಮೂರನೆಯ ಸಲ ಓಡಿದಾಗ ಚೀಟಿ ಕೊಡುವವನೇ ನಕ್ಕ.

ಯಂಕವ್ವ ಇದನ್ನೆಲ್ಲ ನೋಡಿ ಕಲಿತಳು. ತಿಪ್ಪವ್ವ ತುತ್ತು ಬಾಯಿಗಿಡುವ ಹೊತ್ತಿಗೆ, "ಅಕ್ಕಾ, ಕುತ್ತಿಗಿ ಯಾಕೋ ಬಾತಂಗ ಕಾಣತದಲ್ಲ?" ಎನ್ನುವಳು. ಅಷ್ಟೇ. ಅನ್ನ ಅಲ್ಲಿಗೇ ನಿಲ್ಲುತ್ತಿತ್ತು.

ನಾಲ್ಕನೆಯ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಬೈದು, ಆಸ್ಪತ್ರೆಯ ಪಡಸಾಲೆಯ ಕೊನೆಯ ಕೋಣೆಗೆ ಕಳಿಸಿದರು. ಅಲ್ಲಿ ಕೂತಿದ್ದವಳು ನೀರಜಾ, ರೋಗಿಗಳ ಜತೆ ಮಾತಾಡಲೆಂದೇ ಆಸ್ಪತ್ರೆ ಇಟ್ಟುಕೊಂಡಿದ್ದ ಧಾರವಾಡದ ಹೆಂಗಸು. ಬುಧವಾರ ಬುಧವಾರ ಕ್ಯಾನ್ಸರಿನಿಂದ ಉಳಿದವರನ್ನು ಕೂಡಿಸಿಕೊಂಡು ಮಾತಾಡಿಸುತ್ತಿದ್ದಳು.

"ಕೂಡ್ರಿ ತಿಪ್ಪವ್ವ," ಎಂದಳು. ಪುಣೆಗೆ ಬಂದಂದಿನಿಂದ ಯಾರೂ ತಿಪ್ಪವ್ವನಿಗೆ 'ರೀ' ಹಚ್ಚಿರಲಿಲ್ಲ.

"ಮತ್ತ ಬರ್ತದೇನ್ರಿ ಬಾಯಾರ?"

"ಬರಬಹುದು. ಬರದೇನೂ ಇರಬಹುದು. ಅಂಜಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ನಿಮ್ಮ ಕೈ ದಿನಕ್ಕ ಎಷ್ಟು ಸಲ ಅಲ್ಲಿಗೆ ಹೋಗ್ತದ, ಯಾವಾಗ ಹೋಗ್ತದ, ಅದನ್ನ ನೋಡ್ಕೊಂಡು ಬರ್ರಿ."

ಅಕ್ಷರ ಬಾರದ ತಿಪ್ಪವ್ವ ಕೈ ಹೋದಾಗೊಮ್ಮೆ ಡಬ್ಬಿಗೆ ಒಂದು ಖಡಿಗಲ್ಲು ಹಾಕಿದಳು. ಮೊದಲ ದಿನವೇ ನಲವತ್ತೊಂದು. ಎರಡನೆಯ ವಾರ ಅವಳಿಗೊಂದು ಸಂಗತಿ ಹೊಳೆಯಿತು. ಯಂಕವ್ವ ನೀರಿಗೆ ಹೋದ ಹೊತ್ತಿನಲ್ಲಿ ಡಬ್ಬಿಗೆ ಖಡಿ ಬೀಳುತ್ತಲೇ ಇರಲಿಲ್ಲ.

"ಅಂದ್ರ ಅರ್ಧ ಅಂಜಿಕಿ ನಿಮ್ದಲ್ಲ, ಯಾರೋ ನಿಮ್ಮ ಗಂಗಾಳಕ್ಕ ಬಡಿಸಿದ್ದು," ಎಂದಳು ನೀರಜಾ. ಮೈಯನ್ನು ಪರೀಕ್ಷಿಸುವುದನ್ನು ಕಲಿಸಿದಳು: ಬೆರಳು ಚಪ್ಪಟೆ ಮಾಡಿ, ಸುತ್ತ ತಿರುಗಿಸಿ, ತಿಂಗಳಿಗೊಮ್ಮೆ, ಹುಣ್ಣಿಮೆಯ ದಿನ ಮಾತ್ರ. ಉಳಿದ ದಿನ ಕೈ ಎದ್ದರೆ ತೊಡೆಯ ಕೆಳಗೆ ಒತ್ತಿಟ್ಟು ಕೂರಬೇಕು. ಅಂಜಿಕೆ ಜ್ವರದ ಹಾಗೆ ಏರುತ್ತದೆ, ಏರಲಿ. ಓಡದೆ ಕೂತರೆ ತಾನೇ ಇಳಿಯುತ್ತದೆ. ಮೊದಮೊದಲು ತಿಪ್ಪವ್ವ ಬೆವೆತು, ಹಲ್ಲು ಕಚ್ಚಿ, ಅತ್ತಳು. ಆದರೂ ಅದು ಇಳಿಯಿತು. ಮೂರು ತಿಂಗಳಲ್ಲಿ ಕಂಕುಳ ಹುಣ್ಣು ಮಾಯಿತು.

ಒಂದು ದಿನ ಊಟದ ಹೊತ್ತಿಗೆ ಯಂಕವ್ವ ಎಂದಿನಂತೆ ಶುರುಮಾಡಿದಳು. "ಅಕ್ಕಾ, ಮಾರಿ ಯಾಕೋ ಕಪ್ಪಿಟ್ಟದ."

"ಹುಣ್ಣಿವಿ ಇನ್ನಾ ಒಂಬತ್ತು ದಿನ ಅದ. ಆವತ್ತ ನೋಡ್ಕೋತೀನಿ," ಎಂದು ತಿಪ್ಪವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು.

ಯಂಕವ್ವ ಚರಿಗೆ ಬೀಸಿ ಒಗೆದಳು. "ನೀ ಸಾಯ್ತಿ ಅಂತ ಹೇಳಿ ನನ್ನ ಕೊಟ್ಟಾರ! ಎರಡು ವರ್ಷ ಆತು, ಯಾವಾಗ ಸಾಯ್ತಿ?" ಅಂದವಳೇ ಗೋಡೆಗೆ ತಲೆ ಆನಿಸಿ ಬಿಕ್ಕಿಬಿಕ್ಕಿ ಅತ್ತಳು. ಜಟ್ಟೆಪ್ಪ ತಲೆ ಎತ್ತದೆ ಉಣ್ಣುತ್ತಿದ್ದ.

ಮುಂದಿನ ಮಳೆಗಾಲದಲ್ಲಿ ಬಾತ ಎಡಗೈ ಶೆಡ್ಡಿನ ತಗಡಿಗೆ ತರಚಿ ಕೀವಾಯಿತು. ಆಮೇಲೆ ಒಂದು ಹುಣ್ಣಿಮೆಯ ದಿನ, ತಿಪ್ಪವ್ವನ ಬೆರಳಿಗೆ ಕೊರಳೆಲುಬಿನ ಮೇಲೆ ಗಂಟೊಂದು ಸಿಕ್ಕಿತು. ಕಡಲೆಯಷ್ಟು. ಆ ದಿನ ಅವಳು ಓಡಲಿಲ್ಲ. ಮಾರನೆಯ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ ತೋರಿಸಿದಳು. ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ತುಸು ತೆಗೆದು, ಹತ್ತು ದಿನ ಬಿಟ್ಟು ಗಂಡನನ್ನು ಕರೆದುಕೊಂಡು ಬಾ ಎಂದರು. ಹೇಳದೆ ವಿಧಿಯಿರಲಿಲ್ಲ, ಜಟ್ಟೆಪ್ಪನಿಗೆ ಹೇಳಿದಳು. ಆ ಹತ್ತು ದಿನ ಅವನು ಅವಳ ಜತೆ ಎಂದೂ ಇಲ್ಲದಷ್ಟು ಮೆತ್ತಗೆ ಮಾತಾಡಿದ. ಯಂಕವ್ವ ಬಿಸಿ ರೊಟ್ಟಿ ಹಾಕಿದಳು.

ಹತ್ತನೆಯ ದಿನ ಡಾಕ್ಟರು ಚೀಟಿ ಓದಿ, ರೋಗವಲ್ಲ, ಬಾತ ಕೈಗೆ ತಗಡು ತರಚಿ ಕೀವಾಗಿತ್ತಲ್ಲ, ಅದರಿಂದೆದ್ದ ಗಂಟು ಎಂದರು. ತಿಪ್ಪವ್ವ ಉಸಿರು ಬಿಟ್ಟು ಗಂಡನ ಮುಖ ನೋಡಿದಳು. ಅದು ಸಪ್ಪಗಾಗಿತ್ತು.

"ನಕ್ಕಿ ಕಾ, ಸಾಹೇಬ?" ಎಂದು ಮರಾಠಿಯಲ್ಲಿ ಕೇಳಿದ. ಖರೇನಾ ಎಂದು. ಡಾಕ್ಟರು ಖರೆ ಎಂದಮೇಲೂ ಮತ್ತೊಮ್ಮೆ ಕೇಳಿದ.

ಶೆಡ್ಡಿಗೆ ಬಂದರೆ ನಡುವಿನ ತಗಡು ಇರಲಿಲ್ಲ. ಬಸುರಿ ಯಂಕವ್ವ ಆಗಲೇ ತಿಪ್ಪವ್ವನ ಜಾಗ ಸಾರಿಸಿ, ತೊಲೆಗೆ ತೊಟ್ಟಿಲಿನ ಹಗ್ಗ ಕಟ್ಟಿದ್ದಳು. ತಿಪ್ಪವ್ವನ ಕೌದಿ ಹೊರಗೆ ಮಳೆಯಲ್ಲಿ ತೋಯುತ್ತ ಬಿದ್ದಿತ್ತು.

ಅವಳು ಜಗಳ ಮಾಡಲಿಲ್ಲ. ತೊಯ್ದ ಕೌದಿ ಹಿಂಡಿ ಹೆಗಲಿಗೆ ಹಾಕಿಕೊಂಡಳು. ಬುಧವಾರದ ಕೂಟಕ್ಕೆ ಬರುತ್ತಿದ್ದ ತಳೇಗಾಂವದ ಕಲ್ಲವ್ವ ಅಲ್ಲಿಯ ಕಾರಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಡಿಸಿದಳು, ಇರಲು ತನ್ನ ಪಕ್ಕದ ಖೋಲಿಯನ್ನೂ. ಒಂದು ಕೈಯಿಂದ ಆಗುವಷ್ಟು ಕೆಲಸ. ವರ್ಷ ಕಳೆಯುವುದರೊಳಗೆ ಕಲ್ಲವ್ವನಿಗೆ ರೋಗ ಮರಳಿ ಬಂತು. ಅವಳ ಕೊನೆಯ ಮೂರು ವಾರ ಬಾಯಿಗೆ ನೀರು ಬಿಟ್ಟವಳು ತಿಪ್ಪವ್ವ. ಮಣ್ಣು ಮಾಡಿ ಬಂದ ಮೇಲೆ ಎಂಟು ದಿನ ಅವಳ ಕೈ ಮತ್ತೆ ಹಗಲಿಡೀ ಎದೆ ತಡವಿತು. ಒಂಬತ್ತನೆಯ ದಿನ ಬುಧವಾರ. ಲೋಕಲ್ ರೈಲು ಹಿಡಿದು ಪುಣೆಗೆ, ನೀರಜಾಳ ಕೋಣೆಗೆ ಹೋಗಿ, ಎಲ್ಲರ ಮುಂದೆ ಅದನ್ನು ಹೇಳಿ ಕೂತಳು.

೧೯೮೮ರಲ್ಲಿ ಅದೇ ಕೋಣೆಗೆ ಹೊಸದಾಗಿ ಬಂದ ಒಬ್ಬ ಹೆಂಗಸು, ಹೊಲಿಗೆ ಇನ್ನೂ ಹಸಿಯಿದ್ದವಳು, ತಿಪ್ಪವ್ವನ ಕಡೆ ತಿರುಗಿ ಕೇಳಿದಳು: "ಈ ಅಂಜಿಕಿ ಯಾವಾಗ ಹೋಗ್ತದ ಯಕ್ಕಾ?"

"ಹೋಗಂಗಿಲ್ಲವ್ವ," ಎಂದಳು ತಿಪ್ಪವ್ವ. "ಆಸ್ಪತ್ರಿಗೆ ತೋರ್ಸಾಕ ಬರೂ ಹಿಂದಿನ ದಿನ ನನಗ ಈಗೂ ಅನ್ನ ಸೇರಂಗಿಲ್ಲ. ಉಳಿದ ದಿನ ಉಣ್ತೀನಿ."