ಸೊಟ್ಟಗಾದ ರೆಕಾರ್ಡಿನ ಮೊದಲ ಹಾಡು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದೆ. ಅಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ನಂಬಿ ಒಂದು ಎಲ್‌ಪಿ ರೆಕಾರ್ಡ್ ಕೊಟ್ಟಿದ್ದರು. ಇಂಗ್ಲೆಂಡಿನ ಸೈಕೆಡೆಲಿಕ್ ರಾಕ್ ತಂಡವೊಂದರದು. ಆ ತಂಡದ ಬೇರೆಲ್ಲ ರೆಕಾರ್ಡುಗಳನ್ನು ತಲೆ ಮೇಲೆ ಹೊತ್ತು ಮೆರೆಸುವವರೂ ಇದನ್ನು ಮೂಸಿ ನೋಡುತ್ತಿರಲಿಲ್ಲ. ಈ ಹಿರಿಯರಿಗೆ ಮಾತ್ರ ಇದೇ ಪ್ರಾಣ. ತೀರಿಹೋಗಿದ್ದ ಅವರಣ್ಣ ಲಂಡನ್ನಿನಿಂದ ತಂದುಕೊಟ್ಟದ್ದು ಬೇರೆ.

"ನಾಲ್ಕು ಸಲ ಕೇಳಯ್ಯ, ಆಮೇಲೆ ಬಾಯಿ ಬಿಡು. ಸೋಮವಾರ ವಾಪಸ್ ಬೇಕು," ಅಂದಿದ್ದರು.

ನಾನೋ ಸೋಮಾರಿ. ಒಂದು ಸಲವೂ ಕೇಳದೆ ನಮ್ಮ ಶೀಟ್ ಮನೆಯ ಕಿಟಕಿಯ ಬಳಿ ಇಟ್ಟು ಮರೆತೆ. ಏಪ್ರಿಲ್ ಬಿಸಿಲು. ಶುಕ್ರವಾರ ತೆಗೆದು ನೋಡಿದರೆ ರೆಕಾರ್ಡು ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ಸೊಟ್ಟಗಿರುವುದನ್ನು ಕಂಡರೆ ಸುಮ್ಮನಿರಲಾಗದ ಕಸುಬು ನನ್ನದು. ನಮ್ಮ ವಿಭಾಗದಲ್ಲಿ ಸರ್ಫೇಸ್ ಪ್ಲೇಟ್ ಎಂಬ, ಕೂದಲೆಳೆಯಷ್ಟೂ ಏರುತಗ್ಗಿಲ್ಲದ ಕಬ್ಬಿಣದ ಹಲಗೆಗಳಿದ್ದವು. ಊಟದ ಡಬ್ಬಿಯನ್ನೂ ಅವುಗಳ ಮೇಲೆ ಇಡುವಂತಿರಲಿಲ್ಲ. ಶನಿವಾರ ಎಲ್ಲರೂ ಊಟಕ್ಕೆ ಹೋದಾಗ ರೆಕಾರ್ಡನ್ನು ಬಿಸಿಲಿಗೆ ಹಿಡಿದು, ಮೆತ್ತಗಾದ ಮೇಲೆ ಅಂಥ ಎರಡು ಹಲಗೆಗಳ ನಡುವೆ ಒತ್ತಿಟ್ಟೆ. ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಕೆಲಸಕ್ಕೇ ಸಂಚಕಾರ. ಮೇಲೆ ಬಟ್ಟೆ ಹೊದಿಸಿ, ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ.

ಭಾನುವಾರವಿಡೀ ಹಾನಿ ಹುಡುಕುತ್ತ, ಉಗುರು ಕಚ್ಚುತ್ತ ಏಳು ಸಲ ಕೇಳಿದೆ. ನಾಲ್ಕನೆಯ ಸಲಕ್ಕೆ ಹುಡುಕುವುದನ್ನೇ ಮರೆತಿದ್ದೆ. ಗಿಟಾರ್ ಅವಸರವಿಲ್ಲದೆ ಸುತ್ತಾಡುತ್ತಿತ್ತು. ಹಾಡುವವನಿಗೆ ಯಾರನ್ನೂ ಮೆಚ್ಚಿಸುವ ಹಂಗಿರಲಿಲ್ಲ. ಅದರಲ್ಲೂ ಮೊದಲ ಹಾಡಿನಲ್ಲಿ ಆರ್ಗನ್ನಿನ ಸ್ವರ ಮಗುವಿನ ಜೋಲಿಯ ಹಾಗೆ ಮೆಲ್ಲಗೆ ತೂಗಾಡುತ್ತಿತ್ತು. ಅದಕ್ಕೆ ಮರುಳಾಗಿಬಿಟ್ಟೆ. ಇಂಥದ್ದನ್ನು ಜನ ಹೇಗೆ ಬಿಟ್ಟರು ಎಂದು ಸಿಟ್ಟೇ ಬಂತು.

ಸೋಮವಾರ ಆ ಹಿರಿಯರು ರೆಕಾರ್ಡನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ನೇರವಾಗಿಯೇ ಕಂಡಿತು. ಬದುಕಿದೆ ಅನ್ನಿಸಿ ನಾಲಿಗೆ ಸಡಿಲವಾಯಿತು.

"ಸಾರ್, ಮೊದಲನೇ ಹಾಡಲ್ಲಿ ಆರ್ಗನ್ ತೂಗಾಡತ್ತಲ್ಲ, ಸಕ್ಕತ್ತಾಗಿದೆ ಸಾರ್!"

ಅವರ ಕೈ ನಿಂತಿತು. "ತೂಗಾಡತ್ತಾ? ಅದು ಗೆರೆ ಎಳೆದ ಹಾಗೆ ನೇರ ಹೋಗತ್ತೆ ಕಣಯ್ಯ."

ನಾನು ಮರುಳಾಗಿದ್ದು, ಮೊದಲ ಹಾಡಿರುವ ಹೊರ ಅಂಚಿನಲ್ಲಿ ಉಳಿದುಹೋಗಿದ್ದ ಸೊಟ್ಟಿಗೆ. ಮುಚ್ಚಿಡಲು ಏನೂ ಉಳಿಯಲಿಲ್ಲ. ಬಿಸಿಲು, ಕಬ್ಬಿಣದ ಹಲಗೆ, ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ರೆಕಾರ್ಡನ್ನು ಕವರಿಗೆ ಸೇರಿಸಿ ನನ್ನ ಕೈಗೇ ಕೊಟ್ಟರು.

"ತಗೊಂಡ್ಹೋಗು. ಇದು ನೀನು ಕೇಳಿದ್ದು. ನಮ್ಮಣ್ಣ ಕೊಟ್ಟಿದ್ದು ಇದಲ್ಲ."