ಉಪ್ಪುಂದದ ಅವಲಕ್ಕಿ ಮನೆ

ಒದ್ದೆ ಭತ್ತ ಹುರಿಯುವ ಕಾದ ಓಡಿಗೆ ಬಿದ್ದಾಗ ಏಳುವ ವಾಸನೆಯೊಂದಿದೆ. ಅದು ಅನ್ನದ ವಾಸನೆಯಲ್ಲ, ಹುಲ್ಲಿನದ್ದೂ ಅಲ್ಲ. ಎರಡರ ನಡುವೆ ಎಲ್ಲೋ ಇರುವ, ಸ್ವಲ್ಪ ಸಿಹಿ, ಸ್ವಲ್ಪ ಹೊಗೆ, ಮೂಗಿಗಿಂತ ಮೊದಲು ಗಂಟಲಿಗೆ ತಾಗುವ ವಾಸನೆ. ಮೊನ್ನೆ ಬ್ರಹ್ಮಾವರದ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಯವರು ಬಚ್ಚಲೊಲೆಗೆ ನೆನೆದ ಉಮಿ ಸುರಿದು ಊದುತ್ತಿದ್ದರು. ಹೊಗೆ ಬೇಲಿ ದಾಟಿ ಬಂದದ್ದೇ ತಡ, ಸೀರೆಯ ಒಂದು ತುದಿ ಕೈಯಲ್ಲಿ, ಇನ್ನೊಂದು ತುದಿ ನೆಲದಲ್ಲಿ, ಹಾಗೇ ನಿಂತುಬಿಟ್ಟೆ. ತವರಿನ ಆ ಮನೆ ಇಲ್ಲವಾಗಿ ಎಷ್ಟೋ ವರ್ಷಗಳಾದವು. ಆದರೂ ಕಾಲು ಚಡಪಡಿಸಿತು, ಈಗಲೇ ಓಡಬೇಕು, ತಡವಾದರೆ ಅಬ್ಬಿ ಬೈಯುತ್ತಾಳೆ ಎನ್ನುವ ಹಾಗೆ. ಅಬ್ಬಿ ಅಂದರೆ ನಮ್ಮ ತಾಯಿ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು. ಕೆಲವು ನೆನಪುಗಳು ಮನಸ್ಸಿಗಿಂತ ಮೊದಲು ಕಾಲಿಗೆ ಬರುತ್ತವೆ ಎಂದರೆ ನೀವು ನಗಲಾರಿರಿ.

ಉಪ್ಪುಂದದಲ್ಲಿ ನಮ್ಮದು ಅವಲಕ್ಕಿ ಮನೆ. ಬಸ್ಸಿನ ರಸ್ತೆಗೂ ಕಡಲಿಗೂ ನಡುವೆ, ತೆಂಗಿನ ಮರಗಳ ಕೆಳಗೆ, ಮುಳಿಹುಲ್ಲು ಹೊದಿಸಿದ ಪುಟ್ಟ ಮನೆ. ಅದಕ್ಕೆ ಅಂಟಿಕೊಂಡು ಮನೆಗಿಂತ ದೊಡ್ಡದಾದ ಒಂದು ಸೋಗೆಯ ಚಪ್ಪರ. ಆ ಚಪ್ಪರದಲ್ಲೇ ನಾವು ಬದುಕಿದ್ದೆವು ಎಂದರೂ ಸರಿಯೇ. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಬಸಿದು, ಬೆಳಗಾಗುವಾಗ ಓಡಿನಲ್ಲಿ ಹುರಿಯಲು ತೊಡಗಿದರೆ ಮತ್ತೆ ಮಧ್ಯಾಹ್ನದವರೆಗೆ ಯಾರೂ ಕೂರುವಂತಿಲ್ಲ. ಅಪ್ಪಯ್ಯ ಒಲೆಯ ಮುಂದೆ. ಭತ್ತ ಚಟಚಟ ಅನ್ನುತ್ತಲೇ ಓಡನ್ನೆತ್ತಿ ಒರಳಿಗೆ ಸುರಿಯುತ್ತಿದ್ದರು. ಅಬ್ಬಿ ಮತ್ತು ಚಂದುಚಿಕ್ಕಿ ಎದುರುಬದುರು ನಿಂತು ಒನಕೆ ಹಾಕುತ್ತಿದ್ದರು, ಒಬ್ಬರದ್ದು ಏರುವಾಗ ಇನ್ನೊಬ್ಬರದ್ದು ಇಳಿಯುತ್ತಿತ್ತು. ಚಂದುಚಿಕ್ಕಿ ಅಂದರೆ ಅಪ್ಪಯ್ಯನ ತಮ್ಮನ ಹೆಂಡತಿ. ಚಿಕ್ಕಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದ. ಒರಳಿನ ಪಕ್ಕ ಅಜ್ಜಿ ಕೂತು, ಎರಡು ಒನಕೆಗಳ ನಡುವಿನ ಅಷ್ಟು ಹೊತ್ತಿನಲ್ಲೇ ಕೈ ಹಾಕಿ ಅವಲಕ್ಕಿಯನ್ನು ಮಗುಚುತ್ತಿದ್ದಳು. ಬಿಸಿ ಇರುವಾಗಲೇ ಕುಟ್ಟಬೇಕು. ಆರಿದರೆ ಕಾಳು ಚಪ್ಪಟೆಯಾಗದೆ ಪುಡಿಯಾಗುತ್ತದೆ, ಅಷ್ಟೂ ಕೋಳಿಗೆ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರ ಮಾತೂ ಅರ್ಧರ್ಧ, ಎಲ್ಲರ ನಡಿಗೆಯೂ ಓಟ. ನಾನು ಗೆರಸೆ ಹಿಡಿದು ಹೊಟ್ಟು ಕೇರುತ್ತಿದ್ದೆ; ಮೈಯೆಲ್ಲ ತುರಿಸುತ್ತಿತ್ತು. ಸಾಲಿಗ್ರಾಮದ ಅಂಗಡಿಗೆ ನಮ್ಮ ಅವಲಕ್ಕಿ ಹೋಗುತ್ತಿತ್ತು, ಮದುವೆ ಮನೆಗಳಿಗೆ ಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಡಲಿಗೆ ಹೋಗುತ್ತಿತ್ತು. ದೋಣಿಯಲ್ಲಿ ಒಲೆ ಹೊತ್ತಿಸುವಂತಿಲ್ಲವಲ್ಲ. ಬಲೆ ಬಿಟ್ಟು ಕಾಯುವಾಗ ಖಾರ್ವಿಗಳು ತಿನ್ನುತ್ತಿದ್ದದ್ದು ಬೆಲ್ಲ ಕಲಸಿದ ನಮ್ಮ ಕೆಂಪು ಅವಲಕ್ಕಿ.

ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿದೆ ಎಂದು ಕೇಳಿದ್ದೆವು. ಅದು ನಮ್ಮ ಚಪ್ಪರಕ್ಕೆ ಬಂದದ್ದು ಕಂಟ್ರೋಲ್ ಎಂಬ ಹೆಸರಿನಲ್ಲಿ. ಬೆಳೆದವರು ತಮ್ಮ ಊಟಕ್ಕೆ ಇಟ್ಟುಕೊಂಡು ಮಿಕ್ಕ ಭತ್ತವನ್ನು ಸರಕಾರಕ್ಕೆ ಅಳೆಯಬೇಕಂತೆ, ಮೂಟೆಗಟ್ಟಲೆ ಮಾರುವಂತಿಲ್ಲವಂತೆ, ಗಾಡಿಯಲ್ಲಿ ಸಾಗಿಸಿದರೆ ಹಿಡಿಯುತ್ತಾರಂತೆ. ಭತ್ತ ಕೊಳ್ಳದೆ ಅವಲಕ್ಕಿ ಹೇಗೆ ಕುಟ್ಟುವುದು? ಮಳೆಗಾಲ ಹಿಡಿಯುವಷ್ಟರಲ್ಲಿ ಭತ್ತ ತುಂಬಿಡುವ ನಮ್ಮ ತಿರಿ ಖಾಲಿ. ಒಲೆಯ ಬೂದಿಯಲ್ಲಿ ಬೆಕ್ಕು ಮರಿ ಹಾಕಿತು. ಅಪ್ಪಯ್ಯ ಕೂತಲ್ಲಿ ಕೂರುತ್ತಿರಲಿಲ್ಲ. ಮನೆಯಿಂದ ರಸ್ತೆಗೆ, ರಸ್ತೆಯಿಂದ ಚಪ್ಪರಕ್ಕೆ, ಕೊಡೆಯೂ ಇಲ್ಲದೆ ನಡೆಯುತ್ತಿದ್ದರು; ಒಣಗಿದ ಒನಕೆಯನ್ನು ಮುಟ್ಟಿ ನೋಡಿ ಮತ್ತೆ ಹೊರಡುತ್ತಿದ್ದರು. ಊಟದ ನಡುವೆ ಎದ್ದುಹೋದದ್ದೂ ಉಂಟು. ಕೆಲಸವಿಲ್ಲದ ಮನೆಯಲ್ಲಿ ಇಷ್ಟೊಂದು ಸದ್ದು ಕೇಳುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ: ಕಡಲು, ಸೋಗೆಯ ಮೇಲಿನ ಗಾಳಿ, ಅಜ್ಜಿಯ ಉಸಿರು.

ಮಳೆ ಕಡಿಮೆಯಾಗುವಾಗ ಚಿಕ್ಕಪ್ಪ ಬಂದ. ಇದ್ದಿಲಿನ ಗ್ಯಾಸಿನ ಬಸ್ಸಿನಿಂದ ಇಳಿದವನ ಬಿಳಿ ಅಂಗಿಗೆಲ್ಲ ಮಸಿ. ಅವನು ಚಿಕ್ಕಿಯನ್ನು ಕರೆದುಕೊಂಡು ಹೋಗಲು ಬಂದದ್ದು. ನಮ್ಮ ಮನೆಯ ಸ್ಥಿತಿ ಕಂಡು ಎಲ್ಲರನ್ನೂ ಕರೆದ. "ಅಣ್ಣಯ್ಯ, ಇಲ್ಲ್ ಇನ್ನೆಂತ ಇತ್ತ್? ಬೊಂಬಾಯಿಗೆ ಹೋಪ. ಹೋಟ್ಲಂಗೆ ಕೈಗೆ ಕೆಲ್ಸ, ಹೊಟ್ಟಿಗ್ ಅನ್ನ." ಆ ರಾತ್ರಿಯಿಂದ ನನಗೆ ಬೊಂಬಾಯಿಯ ಟ್ರಾಮಿನದ್ದೇ ಧ್ಯಾನ. ನಿಜ ಹೇಳುತ್ತೇನೆ, ನನಗೆ ಹೋಗಬೇಕಿತ್ತು. ಆ ತುರಿಕೆಯಿಂದ, ಆ ಹೊಗೆಯಿಂದ, ಯಾವತ್ತೂ ಮುಗಿಯದ ಆ ಗಡಿಬಿಡಿಯಿಂದ ದೂರ. ಅಪ್ಪಯ್ಯನ ಕಣ್ಣಿನಲ್ಲಿಯೂ ಅದೇ ಹೊಳಪು ಕಂಡಿತು. ಅವರು ಒರಳು ಮಾರುವ ಮಾತೆತ್ತಿದರು. ಬೈಂದೂರಿನಿಂದ ಒಬ್ಬ ಒರಳು ಕೊಳ್ಳಲು ಬಂದಾಗ ಅಬ್ಬಿ ಚಪ್ಪರದ ಬಾಗಿಲಿಗೆ ಅಡ್ಡ ನಿಂತು, "ಒರಳ್ ಕೊಡುದಿಲ್ಲ. ನೀವ್ ಹೋಯ್ನಿ" ಎಂದಳು. ಬಂದವನು ಅಪ್ಪಯ್ಯನ ಮುಖ ನೋಡಿದ, ಅಪ್ಪಯ್ಯ ನೆಲ ನೋಡಿದರು. ಅವನು ಹಾಗೇ ಹಿಂದೆ ಹೋದ.

ಸುಬ್ಬ ಖಾರ್ವಿ ಬಂದದ್ದು ಅದರ ಮರುದಿನವೋ ಅದರಾಚೆಯ ದಿನವೋ. ಖಾರ್ವಿಗಳ ಕೇರಿಯ ಹಿರಿಯ, ಕಡಲಿನ ಉಪ್ಪಿಗೆ ಹುಬ್ಬೆಲ್ಲ ಬೆಳ್ಳಗಾದ ಮನುಷ್ಯ. ತಲೆಯ ಮೇಲೆ ಒಂದು ಸಣ್ಣ ಗೋಣಿ. ಹಿಂದೆ ಅವನ ಸೊಸೆ ಪದ್ದು. ಗೋಣಿಯನ್ನು ಅಂಗಳದಲ್ಲಿ ಇಳಿಸಿ, "ಹ್ವಾಯ್ ಶೀನಣ್ಣ, ದೋಣಿ ಇಳ್ಸು ಹೊತ್ತಾಯ್ತ್. ಇದ್ ನಮ್ ಮನಿ ಭತ್ತ, ಒಣಮೀನ್ ಕೊಟ್ ತಂದದ್ದ್. ಕುಟ್ಟಿ ಕೊಡಿ, ಕೂಲಿಗೆ ಪಾಲ್ ತೆಕಣಿ" ಎಂದ. ಅಪ್ಪಯ್ಯನ ಮುಖ ಕೆಂಪಾಯಿತು. ನಾವು ಭತ್ತ ಕೊಂಡು, ಕುಟ್ಟಿ, ಮಾರುವವರು, ಕೂಲಿಗೆ ಕುಟ್ಟುವವರಲ್ಲ. ಅದನ್ನೇ ಹೇಳಿದರು, ಸ್ವಲ್ಪ ಗಟ್ಟಿಯಾಗಿಯೇ. ಸುಬ್ಬ ಖಾರ್ವಿಗೆ ಬೇಸರವಾಯಿತೋ ಇಲ್ಲವೋ, ಅವನು ಗೋಣಿ ಎತ್ತಲಿಲ್ಲ. "ನೀವ್ ಹೋರೆ ನಾವ್ ಕಡಲಂಗೆ ಎಂತ ತಿಂಬುದ್? ಊರಿಗೊಂದ್ ಅವಲಕ್ಕಿ ಮನಿ ಬೇಡ್ದಾ?" ಎಂದು ಕೇಳಿ ಅಲ್ಲೇ ನಿಂತ. ಅಬ್ಬಿ ಒಳಗಿಂದ ಬಂದು, ಯಾರನ್ನೂ ನೋಡದೆ, ಗೋಣಿಯನ್ನು ಸೊಂಟಕ್ಕೇರಿಸಿಕೊಂಡು ಚಪ್ಪರಕ್ಕೆ ಹೋದಳು. ಆ ಮಧ್ಯಾಹ್ನ ಭತ್ತ ನೆನೆಯಿತು. ಬೆಕ್ಕನ್ನೂ ಮರಿಗಳನ್ನೂ ನಾನು ಸೌದೆ ಕೊಟ್ಟಿಗೆಗೆ ಸಾಗಿಸಿದೆ.

ಅಬ್ಬಿ ಒಂದು ಸಂಗತಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಚಂದುಚಿಕ್ಕಿ ಹೊರಡುವ ತಯಾರಿಯಲ್ಲಿದ್ದಳು. ಮರುದಿನ ಬೆಳಿಗ್ಗೆ ಚಿಕ್ಕಪ್ಪ, ಇನ್ನು ಅವಳು ಒನಕೆ ಮುಟ್ಟುವುದು ಬೇಡ ಎಂದುಬಿಟ್ಟ. ಅಪ್ಪಯ್ಯ ಸಿಟ್ಟಿನಿಂದಲೋ ಅಭ್ಯಾಸದಿಂದಲೋ ಒಲೆಯ ಮುಂದೆ ಕೂತಿದ್ದರು. ಭತ್ತ ಚಟಗುಟ್ಟಿತು, ಕೈ ತಾನಾಗಿ ಓಡನ್ನೆತ್ತಿತು, ಬಿಸಿ ಭತ್ತ ಒರಳಿಗೆ ಬಿತ್ತು. ಅಬ್ಬಿ ಒನಕೆ ಎತ್ತಿದಳು. ಎದುರಿನ ಜಾಗ ಖಾಲಿ; ನನಗಿನ್ನೂ ಒನಕೆ ಏಳುತ್ತಿರಲಿಲ್ಲ. ಒಂದೇ ಒನಕೆಯಲ್ಲಿ ಆಗುವ ಕೆಲಸವಲ್ಲ ಅದು. ಒರಳಿನಿಂದ ಏಳುತ್ತಿದ್ದ ಹಬೆ ನಮ್ಮ ಕಣ್ಣೆದುರೇ ತೆಳ್ಳಗಾಗತೊಡಗಿತು. ಅವಲಕ್ಕಿ ಒಯ್ಯಲೆಂದು ಬಂದು ಚಪ್ಪರದ ಹೊರಗೆ ನಿಂತಿದ್ದಳು ಪದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೇಳದೆ, ಹೇಳದೆ, ಒಳಗೆ ನುಗ್ಗಿ ಗೋಡೆಗೊರಗಿದ್ದ ಒನಕೆಯನ್ನು ಎಳೆದುಕೊಂಡಳು.

ಅವಳು ನಮ್ಮ ಜಾತಿಯವಳಲ್ಲ, ನಮ್ಮ ಚಪ್ಪರದ ಒಳಗೆ ಆ ತನಕ ಕಾಲಿಟ್ಟವಳೂ ಅಲ್ಲ. ಅಜ್ಜಿ ಎತ್ತಿದ ಕೈಯನ್ನು ಹಾಗೇ ಹಿಡಿದಳು. ಜಾತಿಯದ್ದು ಒಂದಾದರೆ ಕೈಯದ್ದು ಇನ್ನೊಂದು: ಗುರುತಿಲ್ಲದ ಒನಕೆಯ ಕೆಳಗೆ ಅಜ್ಜಿ ಕೈ ಹಾಕಬೇಕಿತ್ತು. ತಾಳ ಒಂದು ಕೂದಲಷ್ಟು ತಪ್ಪಿದರೆ ಬೆರಳು ಉಳಿಯದು. ಪದ್ದುವಿನ ಮೊದಲ ಏಟು ಅವಸರದ್ದು, ಒರಳಿನ ಅಂಚಿಗೆ ತಾಗಿತು. ಎರಡನೆಯದೂ ಹಾಗೇ. ಅವಳ ಕಣ್ಣೆಲ್ಲ ಅಜ್ಜಿಯ ಕೈಯ ಮೇಲೆ, ಹೆದರಿಕೆಯಿಂದ. ಆಗ ಅಜ್ಜಿ, "ನನ್ ಕೈ ಕಾಣ್ಬೇಡ ಹೆಣ್ಣೆ. ಅವ್ಳ್ ಒನ್ಕಿ ಕಾಣ್" ಎಂದು ಒರಳೊಳಗೆ ಕೈ ಇಟ್ಟಳು. ಒನಕೆ ಇಳಿಯಿತು, ಏರಿತು. ಇನ್ನೊಂದು ಇಳಿಯಿತು. ಅಜ್ಜಿಯ ಕೈ ಒಳಗೆ, ಹೊರಗೆ, ಒಳಗೆ. ಹತ್ತು ಏಟಿನೊಳಗೆ ಎರಡೂ ಒನಕೆ ಒಂದೇ ಮನೆಯವರದ್ದಾದವು. ಅಪ್ಪಯ್ಯ ಇನ್ನೊಂದು ಓಡು ಭತ್ತ ಹಾಕಿದರು. ಕೆಲಸ ಮುಗಿದಾಗ ಅಬ್ಬಿಯೂ ಪದ್ದುವೂ ಬೆವರಿನಲ್ಲಿ ಮಿಂದಿದ್ದರು; ಇಬ್ಬರೂ ಯಾಕೋ ನಗುತ್ತಿದ್ದರು. ಅಜ್ಜಿ ನಗಲಿಲ್ಲ. ಬಾವಿಗೆ ಹೋಗಿ ಕೈ ತೊಳೆದು ಬಂದು, ಬಾಳೆಲೆಯ ತುಂಡಿನಲ್ಲಿ ಬೆಲ್ಲ ಹಾಕಿದ ಅವಲಕ್ಕಿಯನ್ನು ಪದ್ದುವಿನ ಮುಂದಿಟ್ಟಳು. ಮೆಟ್ಟಿಲ ಕೆಳಗಲ್ಲ, ಚಪ್ಪರದ ಒಳಗೇ.

ಆಮೇಲೆ ಒಂದೊಂದೇ ಗೋಣಿ ಬರತೊಡಗಿತು. ಕೇರಿಯಿಂದ, ಗದ್ದೆಬದಿಯ ಮನೆಗಳಿಂದ, ದೇವಸ್ಥಾನದ ಹತ್ತಿರದ ಮನೆಗಳಿಂದಲೂ. ತಮ್ಮ ಮನೆಯ ಭತ್ತ ತಾವು ಕುಟ್ಟಿಸಿಕೊಂಡರೆ ಯಾವ ಕಂಟ್ರೋಲಿನವರೂ ಕೇಳುವಂತಿರಲಿಲ್ಲ. ಖಾರ್ವಿಗಳ ಹೆಣ್ಣು ಕುಟ್ಟಿದ್ದು ನಮಗೆ ಬೇಡ ಎಂದು ಕೆಲವರು ಗೋಣಿ ಹಿಂದೆ ಒಯ್ದದ್ದೂ ನೆನಪಿದೆ. ಅಬ್ಬಿ ತಡೆಯಲಿಲ್ಲ, ಪದ್ದುವನ್ನು ಬಿಡಲೂ ಇಲ್ಲ. ದೀಪಾವಳಿ ಹತ್ತಿರವಾದಾಗ ಹಿಂದೆ ಹೋದ ಗೋಣಿಗಳಲ್ಲಿ ಹೆಚ್ಚಿನವು ತಿರುಗಿ ಬಂದವು. ಜನ ತಮ್ಮ ಊಟದ ಭತ್ತದಲ್ಲಿ ಒಂದು ಪಾಲು ತೆಗೆದು ನಮ್ಮನ್ನು ಉಳಿಸಿಕೊಂಡರು. ಅದನ್ನು ಉಪಕಾರ ಎಂದು ಅವರು ಹೇಳಲೂ ಇಲ್ಲ, ನಮಗೆ ಹೇಳಲು ಬಿಡಲೂ ಇಲ್ಲ.

ಅಪ್ಪಯ್ಯ ಮಾತ್ರ ಹೋದರು. ಕೂಲಿಗೆ ಕುಟ್ಟುವ ಮನೆಯಲ್ಲಿ ಅವರಿಗೆ ಕೂರಲಾಗಲಿಲ್ಲ. ಚಿಕ್ಕಪ್ಪ, ಚಿಕ್ಕಿ, ಅಪ್ಪಯ್ಯ ಮೂವರೂ ಬಸ್ಸು ಹತ್ತಿದರು. ನಾನು ರಸ್ತೆಯಲ್ಲಿ ನಿಂತು ಅತ್ತೆ. ಅಪ್ಪಯ್ಯ ಹೋದದ್ದಕ್ಕೋ, ನನ್ನನ್ನು ಬಿಟ್ಟು ಹೋದದ್ದಕ್ಕೋ ಈಗಲೂ ತಿಳಿಯದು. ಅಬ್ಬಿ ಅಳಲಿಲ್ಲ. ಒಲೆಯ ಮುಂದೆ ತಾನೇ ಕೂತು ಹುರಿಯುವುದನ್ನು ಕಲಿತಳು. ಕೈ ಸುಟ್ಟುಕೊಂಡಳು, ಎಷ್ಟೋ ಓಡು ಭತ್ತ ಕರಟಿಸಿದಳು, ಆ ನಷ್ಟವನ್ನು ನಮ್ಮ ಪಾಲಿನಿಂದಲೇ ತುಂಬಿದಳು. ಪದ್ದು ತನ್ನ ಓರಗಿತ್ತಿಯನ್ನು ಕರೆತಂದಳು, ಗದ್ದೆಬದಿಯ ಇಬ್ಬರು ವಿಧವೆಯರು ಬಂದರು. ಒಂದು ಒರಳು ಎರಡಾಯಿತು, ಎರಡು ಮೂರಾದವು. ಯುದ್ಧ ಮುಗಿದಿದೆಯಂತೆ ಎಂದು ಯಾರೋ ಹೇಳಿದ ದಿನವೂ ನಾವು ಕುಟ್ಟುತ್ತಿದ್ದೆವು.

ಒಂದು ಮಧ್ಯಾಹ್ನ ಹೊಟ್ಟು ಚೆಲ್ಲಲು ಹೊರಗೆ ಬಂದಾಗ ಬೇಲಿಯ ಆಚೆ ಒಬ್ಬರು ನಿಂತಿದ್ದರು. ಕೆನ್ನೆ ಬತ್ತಿದ, ಕಂಕುಳಲ್ಲಿ ಬಟ್ಟೆಗಂಟು ಹಿಡಿದ ಗಂಡಸು. ಎಷ್ಟು ಹೊತ್ತಿನಿಂದ ನಿಂತಿದ್ದರೋ! ಮೂರು ಒರಳಿನ ಸದ್ದಿಗೆ ನೆಲ ನಡುಗುತ್ತಿತ್ತು, ಹೆಂಗಸರ ಮಾತು, ನಗು. "ಹೆಣ್ಣೆ, ಯಾರ್ ಮನಿಗೆ ಬಂದೆ ಅಂದೇಳಿ ಗೊತ್ತಾಯ್ಲ ನಂಗೆ" ಎಂದರು. ಆಗಲೇ ನನಗೆ ಗುರುತು ಹತ್ತಿದ್ದು. ಅಪ್ಪಯ್ಯ ಒಳಗೆ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತರು. ಅಬ್ಬಿ ಓಡಿನಿಂದ ಕಣ್ಣು ತೆಗೆಯುವಂತಿರಲಿಲ್ಲ, ಭತ್ತ ಚಟಗುಟ್ಟುತ್ತಿತ್ತು. "ನಾನೆಂತ ಮಾಡುದ್ ಈಗ?" ಎಂದು ಅವರು ಕೇಳಿದರು. ಅಬ್ಬಿ ತಿರುಗದೆಯೇ, "ಕಟ್ಟಿಗಿ ಮುಗೀತ್ ಬಂತ್. ಒಂಚೂರ್ ಒಡಿನಿ" ಎಂದಳು. ಅಪ್ಪಯ್ಯ ಗಂಟು ಕೆಳಗಿಟ್ಟು ಕೊಡಲಿ ಹುಡುಕಲು ಹೋದರು. ಆಮೇಲೆ ಅವರು ಊರು ಬಿಡಲಿಲ್ಲ. ಆದರೆ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಎದ್ದು ಬೇಲಿಯವರೆಗೆ ಹೋಗಿ ಬರುವುದನ್ನೂ ಬಿಡಲಿಲ್ಲ.

ನನ್ನನ್ನು ಬ್ರಹ್ಮಾವರಕ್ಕೆ ಕೊಟ್ಟ ಮೇಲೆ ಒಬ್ಬೊಬ್ಬರಾಗಿ ಹೋದರು. ಅಜ್ಜಿ ಮೊದಲು, ಅಪ್ಪಯ್ಯ ಆಮೇಲೆ. ಕರೆಂಟು ಬಂತು, ಕುಂದಾಪುರದಲ್ಲಿ ಅವಲಕ್ಕಿಯ ಮಿಲ್ಲು ಬಂತು. ನಾವು ಒಂದು ವಾರದಲ್ಲಿ ಕುಟ್ಟುವುದನ್ನು ಅದು ಊಟದ ಹೊತ್ತಿನೊಳಗೆ ಮುಗಿಸುತ್ತಿತ್ತು. ಜನ ಆಗಲೂ ಒಮ್ಮೆಲೇ ಕೈ ಬಿಡಲಿಲ್ಲ. ಹಬ್ಬಕ್ಕೆಂದು, ಬಾಣಂತಿಗೆಂದು, ದೋಣಿಗೆಂದು ಗೋಣಿ ತರುತ್ತಲೇ ಇದ್ದರು, ತರುವವರು ಇರುವ ತನಕ. ಕೊನೆಗೆ ಒಂದು ಮಳೆಗಾಲದಲ್ಲಿ ಚಪ್ಪರ ಕುಸಿಯಿತು. ಅಬ್ಬಿ ಅದನ್ನು ಮತ್ತೆ ಕಟ್ಟಿಸಲಿಲ್ಲ.

ಅಬ್ಬಿ ತೀರಿದ ದಿನ ನಾನು ತಲುಪುವಾಗ ಅಂಗಳದಲ್ಲಿ ಮುದುಕಿಯರು ಕೂತಿದ್ದರು. ಪದ್ದು, ಅವಳ ಓರಗಿತ್ತಿ, ಗದ್ದೆಬದಿಯವರು. ಯಾರೂ ಅಳುತ್ತಿರಲಿಲ್ಲ. ಒಬ್ಬಳು ನೀರು ತುಂಬುತ್ತಿದ್ದಳು, ಒಬ್ಬಳು ಬಂದವರಿಗೆ ಚಾಪೆ ಹಾಸುತ್ತಿದ್ದಳು, ಪದ್ದು ಅಬ್ಬಿಯ ತಲೆಯ ಬಳಿ ಕೂತು ನೊಣ ಓಡಿಸುತ್ತಿದ್ದಳು. ರಜೆಗೆಂದು ಬೊಂಬಾಯಿಯಿಂದ ಬಂದಿದ್ದ ಚಿಕ್ಕಪ್ಪನ ಮಗ ನನ್ನ ಹತ್ತಿರ ಮೆಲ್ಲಗೆ, "ಅಕ್ಕ, ಇವ್ರೆಲ್ಲ ನಮಗೆ ಏನಾಗ್ಬೇಕು?" ಎಂದು ಕೇಳಿದ. ಹೇಳಲು ಬಾಯಿ ತೆರೆದೆ. ಚಿಕ್ಕಿ, ಅತ್ತೆ, ಅತ್ತಿಗೆ, ಯಾವ ಹೆಸರೂ ಸರಿಹೊಂದಲಿಲ್ಲ. "ನಮ್ ಮನಿಯವ್ರ್" ಎಂದೆ. ಸಂಜೆ ಎಲ್ಲ ಮುಗಿದ ಮೇಲೆ ಅವರು ಒಬ್ಬೊಬ್ಬರಾಗಿ ಎದ್ದು, ಮೊಣಕಾಲು ಹಿಡಿದುಕೊಂಡು, ಮರಳ ದಾರಿಯಲ್ಲಿ ಹೊರಟರು. ಸಾವಿನ ಮನೆಯಿಂದ ಹೋಗುವಾಗ 'ಬತ್ತೆ', ಹೋಗಿ ಬರುತ್ತೇನೆ, ಎನ್ನಬಾರದು. ಯಾರೂ ಎನ್ನಲಿಲ್ಲ. ನಾನೂ ಹಿಂದಿನಿಂದ ಕರೆಯಲಿಲ್ಲ.