ಎಣ್ಣೆ ಡಬ್ಬಿಗೆ ಕೋಪ ಬಂದಿಲ್ಲ

ಈ ಬ್ಲಾಗು ನನ್ನ ಗಂಡನದು. ಅವರು ಸತ್ತು ಆರು ವಾರವಾಯಿತು. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇದನ್ನು ಹಾಳೆಯಲ್ಲಿ ಬರೆದೆ, ಮಗಳು ಟೈಪ್ ಮಾಡಿದ್ದಾಳೆ. ಕಾಗುಣಿತ ತಿದ್ದು, ಮಾತು ತಿದ್ದಬೇಡ ಎಂದಿದ್ದೇನೆ.

ಅವರು ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಒಂದೇ ಅಂಗಡಿ. ಬಸ್ ನಿಲ್ದಾಣದ ಹಿಂದಿನ ಬೀದಿ, ಒಂದು ಪಕ್ಕ ಝೆರಾಕ್ಸ್, ಇನ್ನೊಂದು ಪಕ್ಕ ಹಲ್ಲಿನ ಡಾಕ್ಟರು. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಅವರ ಅಂಗಿ, ಕೂದಲು, ತಲೆದಿಂಬು ಎಲ್ಲಕ್ಕೂ ಮೆಷಿನ್ ಎಣ್ಣೆಯ ವಾಸನೆ. ಮಾತು ಕಡಿಮೆ. ಗಿರಾಕಿ ಹತ್ತು ಮಾತಾಡಿದರೆ ಇವರು "ಶನಿವಾರ ಬನ್ನಿ" ಎನ್ನುತ್ತಿದ್ದರು. ಮನೆಯಲ್ಲಿ ಅದೂ ಇಲ್ಲ.

ಅಂಥವರು ಹನ್ನೊಂದು ವರ್ಷ ಬರೆದರು. ಬ್ಲಾಗನ್ನು ಮಗಳು ತನಗೆಂದು ಶುರು ಮಾಡಿ ವಾರಕ್ಕೇ ಬಿಟ್ಟಳು. ಇವರು ಹಿಡಿದುಕೊಂಡರು. ಮಧ್ಯಾಹ್ನ ಊಟಕ್ಕೆ ಮೊದಲು ಅಂಗಡಿಯ ಶಟರ್ ಅರ್ಧ ಎಳೆದು, ಫೋನಿನಲ್ಲಿ ಎರಡು ಬೆರಳಲ್ಲಿ ಕುಟ್ಟುವುದು. ಮೆಷಿನ್ ಬಿಚ್ಚಿದರೆ ಮನೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಒಂದು ಸಲ ಸೂಜಿಯ ಕೆಳಗಿನ ತಗಡು ತೆಗೆದಾಗ ಮಗುವಿನ ಹಾಲುಹಲ್ಲು ಸಿಕ್ಕಿತ್ತು. ಅದನ್ನು ಕಾಗದದಲ್ಲಿ ಸುತ್ತಿ ಆ ತಾಯಿಗೆ ಕೊಟ್ಟರು, ಬ್ಲಾಗಿನಲ್ಲಿ ಅದರ ಬಗ್ಗೆ ಬರೆದರು. ನನಗೆ ಹೇಳಿರಲಿಲ್ಲ. ಮೊನ್ನೆ ಓದಿ ಗೊತ್ತಾಯಿತು.

ಅಲ್ಲಿ ಬ್ಲಾಗು ಬರೆದು ಒಬ್ಬರದನ್ನು ಒಬ್ಬರು ಓದುವ ಇವರಂಥವರೇ ನಲವತ್ತು ಜನ. ಒಬ್ಬರು ಪಾರಿವಾಳದ ಬಗ್ಗೆ ಬರೆಯುತ್ತಾರೆ. ನಿವೃತ್ತರಾದ ಒಬ್ಬ ನರ್ಸು ಕುಂಡದ ಗಿಡಗಳ ಬಗ್ಗೆ. ಅವರನ್ನು ಎಲ್ಲರೂ ನರ್ಸಕ್ಕ ಎನ್ನುತ್ತಾರೆ. ಹಳೇ ಗಡಿಯಾರ ರಿಪೇರಿ ಬಗ್ಗೆ ಬರೆಯುವವರು ಗಡಿಯಾರದ ಅಜ್ಜ. ಇವರಿಗೆ ಎಣ್ಣೆ ಡಬ್ಬಿ ಎಂದು ಹೆಸರಿಟ್ಟವರು ಆ ಅಜ್ಜನೇ. ಒಬ್ಬರ ಮುಖ ಒಬ್ಬರು ನೋಡಿಲ್ಲ.

"ಯಾರ್ರೀ ಅವರೆಲ್ಲ? ನೆಂಟರಾ, ಇಷ್ಟರಾ?" ಎಂದು ಕೇಳಿದ್ದೆ.

"ನೆಂಟರು ನನ್ನ ಮಾತು ಕೇಳ್ತಾರಾ? ಇವರು ಕೇಳ್ತಾರೆ ಕಣೇ."

"ನನಗೂ ಕಿವಿ ಇದೆ."

"ಇದೆ. ಅದರ ಜೊತೆ ಬಾಯೂ ಇದೆಯಲ್ಲ!"

ನನಗೆ ಹೊಟ್ಟೆಕಿಚ್ಚು. ಹನ್ನೊಂದು ವರ್ಷ ಒಂದು ಸಾಲೂ ಓದಲಿಲ್ಲ.

ಶಾಲೆ ಶುರುವಾಗುವ ಸಮಯಕ್ಕೆ ಯೂನಿಫಾರಂ ಹೊಲಿಯುವ ದರ್ಜಿಗಳೆಲ್ಲ ಒಟ್ಟಿಗೆ ಮೆಷಿನ್ ತರುತ್ತಾರೆ. ಆಗ ಇವರಿಗೆ ಉಸಿರಾಡಲೂ ಬಿಡುವಿಲ್ಲ. ಅದಕ್ಕೆ ಮೊದಲೇ ಎಂಟು ವಾರದ್ದು ಬರೆದು, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಒಂದೊಂದೇ ತಾನಾಗಿಯೇ ಬ್ಲಾಗಿನಲ್ಲಿ ಬರುವಂತೆ ದಿನ ಗೊತ್ತು ಮಾಡಿ ಇಡುತ್ತಿದ್ದರು. ಈ ವರ್ಷವೂ ಇಟ್ಟರು. ಮೊದಲನೆಯದು ಬರುವುದಕ್ಕೂ ಮುಂಚೆ, ಒಂದು ಮಂಗಳವಾರ ಹೋಗಿಬಿಟ್ಟರು.

ಆ ಶುಕ್ರವಾರ ಮಗಳು ಫೋನ್ ಹಿಡಿದು ಓಡಿ ಬಂದಳು. "ಅಮ್ಮಾ, ಅಪ್ಪ ಬರೆದಿದ್ದಾರೆ!" ಎಂದಳು. ಆಮೇಲೆ ಅದು ಮೊದಲೇ ಬರೆದಿಟ್ಟದ್ದು ಎಂದು ಅವಳೇ ಹೇಳಿದಳು.

ಅಂದಿನಿಂದ ಶುಕ್ರವಾರ ಹತ್ತು ಗಂಟೆಗೆ ಕೈಕೆಲಸ ಬಿಟ್ಟು ಕೂರುತ್ತಿದ್ದೆ. ಮಗಳು ಓದುವಳು.

"ಹೇಳಿಬಿಡೋಣ್ವಾಮ್ಮಾ ಅವರಿಗೆಲ್ಲ?" ಎಂದು ಎರಡನೇ ವಾರ ಕೇಳಿದಳು.

"ಸುಮ್ನಿರು. ಎಂಟೂ ಮುಗೀಲಿ."

"ಕೆಳಗೆ ಕಾಮೆಂಟ್ ಹಾಕಿದ್ದಾರೆ, ಓದಲಾ?"

"ಬೇಡ. ಅಪ್ಪನ ಮಾತು ಮಾತ್ರ ಓದು."

ಹೇಳಿದರೆ ಅಲ್ಲಿಯೂ ಸಾಯುತ್ತಾರೆ ಎನಿಸುತ್ತಿತ್ತು. ಇಲ್ಲಿ ಸತ್ತದ್ದೇ ಸಾಕಿತ್ತು.

ಹೀಗೆ ಆರು ಬಂದವು. ಕಳೆದ ಭಾನುವಾರ ಮಗಳು ಅಡುಗೆಮನೆಗೆ ಬಂದು ನಿಂತಳು. "ಅಮ್ಮಾ, ಇದನ್ನ ನೀನು ಕೇಳಲೇಬೇಕು" ಎಂದು ಆರು ವಾರದ ಕಾಮೆಂಟನ್ನೂ ಓದಿದಳು.

ಮೊದಲನೆಯದು ಗಡಿಯಾರದ ಅಜ್ಜನದು. ಇವರು ಹೋದ ಮಂಗಳವಾರದ ಬೆಳಿಗ್ಗೆ ಬರೆದದ್ದು: "ಲೋ ಎಣ್ಣೆ ಡಬ್ಬಿ, ಹನ್ನೊಂದು ವರ್ಷದಿಂದ ಒಂದೇ ಪಾಠ, ಎಣ್ಣೆ ಹಾಕಿ, ಎಣ್ಣೆ ಹಾಕಿ. ಬೇರೆ ಏನಾದ್ರೂ ಬರುತ್ತೇನೋ ನಿಂಗೆ?"

ಇವರು ಯಾವ ಕಾಮೆಂಟಿಗೂ ಮಾರನೇ ದಿನದೊಳಗೆ ಉತ್ತರ ಕೊಡದೆ ಬಿಟ್ಟವರಲ್ಲವಂತೆ. ಈ ಸಲ ಉತ್ತರ ಇಲ್ಲ, ಶುಕ್ರವಾರದ ಬರಹ ಮಾತ್ರ ತಪ್ಪಿಲ್ಲ. ಎಲ್ಲರೂ ಕೋಪ ಎಂದುಕೊಂಡರು.

"ಅಜ್ಜ, ನಿಮ್ಮ ನಾಲಿಗೆಗೆ ಕೀಲಿ ಕೊಟ್ಟದ್ದು ಜಾಸ್ತಿಯಾಯ್ತು. ಕ್ಷಮೆ ಕೇಳಿ" ಎಂದು ನರ್ಸಕ್ಕ ಬೈದಿದ್ದರು.

ಅಜ್ಜ ಮೂರು ಸಲ ಕೇಳಿದ್ದರು. ಕೊನೆಯದು ಹಿಂದಿನ ದಿನವಷ್ಟೇ ಬರೆದದ್ದು, ಹೀಗಿತ್ತು: "ತಪ್ಪಾಯ್ತು ಕಣಯ್ಯಾ. ಎಂಬತ್ತರ ಮುದುಕ ಕೈ ಮುಗೀತೀನಿ. ಊರಿಗೆಲ್ಲ ಬರೀತೀಯ, ನಂಗೊಂದು ಅಕ್ಷರ ಇಲ್ಲ. ಈ ಶುಕ್ರವಾರದವರೆಗೆ ನೋಡ್ತೀನಿ. ಆಮೇಲೆ ನನ್ನ ಬ್ಲಾಗನ್ನೇ ಅಳಿಸಿ ಹಾಕ್ತೀನಿ. ಸ್ನೇಹಿತನ್ನ ನೋಯಿಸಿ ಇನ್ಯಾರಿಗೆ ಬರೀಲಿ?"

ನಾನು ಒಲೆ ಆರಿಸಿದೆ. ಗಂಡನನ್ನು ಉಳಿಸಿಕೊಳ್ಳಲು ಹೋಗಿ ಒಬ್ಬ ಮುದುಕನನ್ನು ಆರು ವಾರ ಅಳಿಸಿದ್ದೆ. ಮಗಳಿಗೆ ಹಾಳೆ, ಪೆನ್ನು ತಾ ಎಂದೆ.

ಅಜ್ಜ, ಆ ಮಂಗಳವಾರ ನಡೆದದ್ದು ಇದು. ನಾನು ಅಂಗಡಿಗೆ ಊಟ ತೆಗೆದುಕೊಂಡು ಹೋದಾಗ ಅವರು ನಿಮ್ಮ ಮಾತು ಓದುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗು. ನನಗೂ ಓದಿ ಹೇಳಿದರು, ನನಗೆ ಅವರು ಓದಿ ಹೇಳಿದ್ದು ಅದೊಂದೇ. "ಅಜ್ಜ ಸಿಕ್ಕಿಹಾಕಿಕೊಂಡರು ಕಣೇ. ಅವರ ಮನೆ ಗಡಿಯಾರಾನೇ ಏಳು ನಿಮಿಷ ಹಿಂದಂತೆ, ಹೋದ ತಿಂಗಳು ತಾನೇ ಬಾಯಿಬಿಟ್ಟಿದ್ದಾರೆ. ಮೊದಲು ಅದಕ್ಕೆ ಎಣ್ಣೆ ಹಾಕಿ ಅಂತ ಬರೀತೀನಿ" ಎಂದು ಉತ್ತರ ಕುಟ್ಟಲು ಬೆರಳು ಮುಂದೆ ಮಾಡಿದರು.

"ಆರಿಹೋಗುತ್ತೆ, ಮೊದಲು ಉಣ್ರೀ. ನಿಮ್ಮ ಅಜ್ಜ ಎಲ್ಲಿಗೂ ಓಡಿಹೋಗಲ್ಲ" ಎಂದೆ. ಉಂಡರು. ಕೈ ತೊಳೆಯಲು ಎದ್ದವರು ಬಾಗಿಲಲ್ಲೇ ಬಿದ್ದರು. ಹಲ್ಲಿನ ಡಾಕ್ಟರು ಓಡಿ ಬಂದು ನೋಡಿದರು. ಆಗಲೇ ಮುಗಿದಿತ್ತು.

ಉತ್ತರ ತಡೆದವಳು ನಾನು. ಅದಕ್ಕೇ ನಾನೇ ತಲುಪಿಸುತ್ತಿದ್ದೇನೆ. ಅವರು ನಗುತ್ತಲೇ ಇದ್ದರು ಅಜ್ಜ. ನಿಮ್ಮಿಂದ ಒಂದು ಚೂರೂ ನೋವಾಗಲಿಲ್ಲ.

ಇನ್ನೆರಡು ಉಳಿದಿವೆ. ಬರಲಿ, ತಡೆಯುವುದಿಲ್ಲ. ಆದರೆ ಅವರು ಇಲ್ಲ ಎಂದು ತಿಳಿದು ಓದಿ. ನಿಮ್ಮ ಬ್ಲಾಗು ಅಳಿಸಬೇಡಿ. ನಾನು ಅಕ್ಷರ ಕೂಡಿಸಿಕೊಂಡು ಓದುವವಳು, ನಿಮ್ಮ ಬರಹ ಇನ್ನೂ ಮೂರೇ ಓದಿ ಆಗಿದೆ.